ಡಬಲ್ ಬೇಸ್ ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗೂ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅನೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ನಾಲ್ಕನೆಯ ಅಥವಾ ಐದನೆಯ ತರಗತಿಗೆ ಬಂದಾಗ ಒಂದು ವಾದ್ಯವನ್ನು ಆರಿಸಿಕೊಳ್ಳುತ್ತಾರೆ. ನಾನು ಕಂಡಂತೆ ಕನ್ನಡದ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಪಿಟೀಲು ಹಿಡಿಯುತ್ತಾರೆ; ಒಬ್ಬಿಬ್ಬರ ಪಾಲಿಗೆ ಡಬಲ್ ಬೇಸ್, ಅಂದರೆ ನಿಂತೋ ಸ್ಟೂಲಿನ ಮೇಲೆ ಕೂತೋ ನುಡಿಸುವ ದೊಡ್ಡ ತಂತಿವಾದ್ಯ, ಬರುತ್ತದೆ. ಅಂಥ ಮಕ್ಕಳ ತಂದೆತಾಯಿ ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ, ಪತ್ರಗಳಲ್ಲಿ, ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದ ಪ್ರಶ್ನೆಗಳನ್ನೂ, ಮುಂದೆ ಅದೇ ಮಕ್ಕಳು ಬೆಳೆದು ಕೇಳಿದ ಪ್ರಶ್ನೆಗಳನ್ನೂ ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

## ಸೇರಿಸುವ ಮುನ್ನ

ಮಗಳು ಪಿಟೀಲು ಕೇಳಿದ್ದಳು, ಶಾಲೆಯಲ್ಲಿ ಡಬಲ್ ಬೇಸ್ ಕೊಟ್ಟಿದ್ದಾರೆ. ಬದಲಾಯಿಸಿ ಕೊಡಿ ಅಂತ ಕೇಳಬೇಕೇ?

ಕೂಡಲೇ ಕೇಳಬೇಡಿ, ಅರ್ಧ ವರ್ಷವಾದರೂ ನುಡಿಸಲಿ. ಬೇಸ್ ಎಂದರೆ ಎಲ್ಲರೂ ಆರಿಸಿಕೊಂಡ ಮೇಲೆ ಮಿಕ್ಕ ವಾದ್ಯ ಎಂಬ ಭಾವನೆ ಮನೆಯಲ್ಲಿದ್ದರೆ ಮಗು ಅದನ್ನು ಮೊದಲ ವಾರದಲ್ಲೇ ಗ್ರಹಿಸಿಬಿಡುತ್ತದೆ. ತಂತಿವಾದ್ಯಗಳಲ್ಲಿ ಅತಿ ಕೆಳಗಿನ ಸ್ವರ ಇದರದು, ಉಳಿದವರು ತಮ್ಮ ಶ್ರುತಿಯನ್ನೂ ಲಯವನ್ನೂ ಇದರ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ಇಪ್ಪತ್ತು ಪಿಟೀಲುಗಳಲ್ಲಿ ಒಂದು ತಪ್ಪಿದರೆ ಅದು ಮುಚ್ಚಿಹೋಗುತ್ತದೆ, ಆದರೆ ಒಬ್ಬಳೇ ಬೇಸ್ ನುಡಿಸುವವಳು ಲಯ ತಪ್ಪಿದರೆ ಇಡೀ ವೃಂದ ವಾಲುತ್ತದೆ. ಹತ್ತು ವರ್ಷದ ಮಗುವಿಗೆ ಇದು ದೊಡ್ಡ ಹೊಣೆ, ಮತ್ತು ಆ ಹೊಣೆಯನ್ನು ಮಕ್ಕಳು ನಾವೆಣಿಸಿದ್ದಕ್ಕಿಂತ ಬೇಗ ಪ್ರೀತಿಸತೊಡಗುತ್ತಾರೆ.

ಈ ವಾದ್ಯದ ಇತಿಹಾಸದ ಅತಿ ದೊಡ್ಡ ಹೆಸರುಗಳಲ್ಲೊಂದಾದ ಜೊವಾನ್ನಿ ಬೊಟ್ಟೆಸಿನಿ ಕೂಡ ಮೊದಲು ಪಿಟೀಲು ಕಲಿಯುತ್ತಿದ್ದ ಹುಡುಗ. 1835ರಲ್ಲಿ ಮಿಲಾನಿನ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿವೇತನದ ಸ್ಥಾನಗಳು ಬಸೂನ್ ಎಂಬ ಊದುವ ವಾದ್ಯಕ್ಕೂ ಡಬಲ್ ಬೇಸ್‌ಗೂ ಮಾತ್ರ ಉಳಿದಿದ್ದವು. ಆತ ಕೆಲವೇ ವಾರಗಳಲ್ಲಿ ಬೇಸ್ ಅಭ್ಯಾಸ ಮಾಡಿ ಪ್ರವೇಶ ಪಡೆದ. ಮುಂದೆ ಯುರೋಪನ್ನೆಲ್ಲ ಬೆರಗುಗೊಳಿಸಿದ ಅದೇ ವ್ಯಕ್ತಿ 1871ರಲ್ಲಿ ಕೈರೋದಲ್ಲಿ ವೆರ್ದಿಯ ‘ಐದಾ’ ಆಪೆರಾದ ಮೊದಲ ಪ್ರದರ್ಶನವನ್ನು ನಿರ್ದೇಶಿಸಿದ. ಹಾಗೆಂದು, ಅರ್ಧ ವರ್ಷದ ನಂತರವೂ ಮಗಳು ಪಿಟೀಲನ್ನೇ ಬಯಸಿದರೆ ಅವಳ ಮಾತಿಗೆ ಬೆಲೆ ಕೊಡಿ.

ವಾದ್ಯ ನಮ್ಮ ಹುಡುಗನಿಗಿಂತ ಎತ್ತರವಿದೆ. ಇದನ್ನು ಅವನು ಹೇಗೆ ಹಿಡಿದಾನು?

ದೊಡ್ಡವರ ಬೇಸ್ ಅನ್ನು ಅವನು ಹಿಡಿಯಬೇಕಾಗಿಲ್ಲ, ಹಿಡಿಯಲೂ ಬಾರದು. ದೊಡ್ಡವರೇ ಸಾಮಾನ್ಯವಾಗಿ ನುಡಿಸುವುದು ಮುಕ್ಕಾಲು ಅಳತೆ ಎಂದು ಕರೆಯುವ ವಾದ್ಯವನ್ನು. ಅದರ ಎತ್ತರ ಸುಮಾರು 180 ಸೆಂಟಿಮೀಟರ್, ನುಡಿಯುವ ತಂತಿಯ ಉದ್ದ ಸುಮಾರು 105 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದಾಗಿ ಅರ್ಧ, ಕಾಲು, ಎಂಟನೆಯ ಒಂದು, ಹದಿನಾರನೆಯ ಒಂದು ಅಳತೆಗಳೂ ಇವೆ. ನಾಲ್ಕು ಐದನೆಯ ತರಗತಿಯ ಬಹುತೇಕ ಮಕ್ಕಳಿಗೆ ಕಾಲು ಅಳತೆ ಸರಿಹೊಂದುತ್ತದೆ, ತೀರ ಪುಟ್ಟವರಿಗೆ ಎಂಟನೆಯ ಒಂದು ಬೇಕಾಗಬಹುದು.

ವಯಸ್ಸನ್ನು ನೋಡಬೇಡಿ, ಮಗುವನ್ನು ನಿಲ್ಲಿಸಿ ನೋಡಿ. ತಂತಿಗಳು ಬಿರಡೆಯ ಕಡೆ ಹಾಯುವ ಮೇಲಿನ ಮೆಟ್ಟು ಹುಬ್ಬಿನ ಆಸುಪಾಸಿಗೆ ಬರಬೇಕು. ಬಲಗೈ ಸಹಜವಾಗಿ ಇಳಿಬಿಟ್ಟಾಗ ಕಮಾನು ಕುದುರೆಗೂ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬೆರಳುಹಲಗೆಯ ತುದಿಗೂ ನಡುವೆ ಬೀಳಬೇಕು, ಅದಕ್ಕಾಗಿ ಭುಜ ಬಗ್ಗಬಾರದು. ಎರಡೂ ಕೈ ಬಿಟ್ಟರೆ ವಾದ್ಯ ಮಗುವಿನ ಮೈಗೆ ಒರಗಿ ತಾನಾಗಿಯೇ ನಿಂತಿರಬೇಕು. ಬೀಳತೊಡಗಿದರೆ ಎಡಗೈ ನುಡಿಸುವ ಬದಲು ಹೊರೆ ಹೊರುತ್ತಿದೆ ಎಂದರ್ಥ. ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ’ ಎಂಬ ಯೋಚನೆ ಚಪ್ಪಲಿಗೆ ಸರಿ, ಬೇಸ್‌ಗೆ ಸಲ್ಲದು. ಮಕ್ಕಳು ಈ ವಾದ್ಯವನ್ನು ಕೈಬಿಡುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಅಳತೆ ಮೀರಿದ ವಾದ್ಯವೇ.

ಹುಡುಗಿಯರಿಗೆ ಇದು ಆಗುತ್ತದೆಯೇ? ಅಜ್ಜಿ ಬೇಡ ಅನ್ನುತ್ತಿದ್ದಾರೆ.

ಆಗುತ್ತದೆ. ಓರಿನ್ ಓಬ್ರಯನ್ 1966ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವೃಂದದ ಕಾಯಂ ಸದಸ್ಯೆಯಾದಾಗ ಅಲ್ಲಿ ಬೇರೆ ಮಹಿಳಾ ಸದಸ್ಯರೇ ಇರಲಿಲ್ಲ. ಅವರ ವಾದ್ಯ ಡಬಲ್ ಬೇಸ್. 2011ರಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಪಡೆದ ಎಸ್ಪೆರಾಂಜಾ ಸ್ಪಾಲ್ಡಿಂಗ್ ಕೂಡ ಬೇಸ್ ವಾದಕಿ. ತಂತಿಯನ್ನು ಒತ್ತುವುದು ತೋಳಿನ ತೂಕದಿಂದ, ಹಿಡಿತದ ಬಲದಿಂದಲ್ಲ. ಈ ಮಾತನ್ನು ಅಜ್ಜಿಗೂ ಹೇಳಿ.

ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ? ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ?

ಮುಕ್ಕಾಲು ಅಳತೆಗೆ ಬೆಳೆಯುವವರೆಗೆ ಬಾಡಿಗೆಯೇ ವಿವೇಕ. ಮೊದಲು ಶಾಲೆಯಲ್ಲಿ ವಿಚಾರಿಸಿ. ಬೇಸ್ ಅನ್ನು ಬಸ್ಸಿನಲ್ಲಿ ಹೊತ್ತು ತರಲಾಗದ ಕಾರಣ ಅನೇಕ ಶಾಲೆಗಳು ಶಾಲೆಗೊಂದು, ಮನೆಗೊಂದು ವಾದ್ಯ ಕೊಡುತ್ತವೆ. ಇಲ್ಲವಾದರೆ ಬೇಸ್‌ಗಳನ್ನೇ ನೋಡಿಕೊಳ್ಳುವ ವಾದ್ಯ ತಯಾರಕರ ಅಂಗಡಿಯಿಂದ ಬಾಡಿಗೆಗೆ ತನ್ನಿ. ಅಳತೆ ಬದಲಾಯಿಸಿಕೊಡುವುದೂ ರಿಪೇರಿಯೂ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಕೊಳ್ಳುವ ಕಾಲ ಬಂದಾಗ ಮೂರು ಬಗೆಗಳು ಎದುರಾಗುತ್ತವೆ: ಪೂರ್ತಿ ಪ್ಲೈವುಡ್ಡಿನದು, ಮುಂಭಾಗ ಮಾತ್ರ ಇಡೀ ಮರದಲ್ಲಿ ಕೆತ್ತಿದ್ದು, ಪೂರ್ತಿ ಕೆತ್ತಿದ್ದು. ವಿದ್ಯಾರ್ಥಿಗೆ ಪ್ಲೈವುಡ್ ಎಂದರೆ ಕೀಳಲ್ಲ. ಚಳಿಗಾಲದ ಹೀಟರಿನ ಒಣಗಾಳಿಗೂ ಬಾಗಿಲ ಚೌಕಟ್ಟಿನ ಪೆಟ್ಟಿಗೂ ಅದು ತಡೆದುಕೊಳ್ಳುವಷ್ಟು ಕೆತ್ತಿದ ವಾದ್ಯ ತಡೆಯುವುದಿಲ್ಲ. ಚೆನ್ನಾಗಿ ಹೊಂದಿಸಿದ ಪ್ಲೈವುಡ್ ಬೇಸ್ ಹೊಂದಿಸದೆ ಬಿಟ್ಟ ಕೆತ್ತನೆಯ ಬೇಸ್‌ಗಿಂತ ಮೇಲು. ಆನ್‌ಲೈನಿನ ಅಗ್ಗದ ವಾದ್ಯಗಳಲ್ಲಿ ತೊಂದರೆ ಇಲ್ಲೇ. ಕುದುರೆಯ ಪಾದ ಮರಕ್ಕೆ ಕೂತಿರುವುದಿಲ್ಲ, ಒಳಗೆ ನಿಲ್ಲಿಸಿದ ಮರದ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ಬಿದ್ದಿರುತ್ತದೆ, ತಂತಿ ಬೆರಳುಹಲಗೆಯಿಂದ ತುಂಬ ಮೇಲಿರುತ್ತದೆ. ಅದನ್ನೆಲ್ಲ ಸರಿಪಡಿಸುವ ಖರ್ಚು ಉಳಿಸಿದ ಹಣವನ್ನು ನುಂಗುತ್ತದೆ. ನಾಲ್ಕು ತಂತಿಗಳ ಒಂದು ಸೆಟ್ಟಿಗೇ ಸಾಮಾನ್ಯವಾಗಿ 150ರಿಂದ 300 ಡಾಲರ್ ಆಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮದು ಸಣ್ಣ ಕಾರು. ಹಿಡಿಸುತ್ತದೆಯೇ?

ಹಿಂಬಾಗಿಲು ಮೇಲಕ್ಕೆ ತೆರೆಯುವ ಕಾರಾದರೆ ಸಾಮಾನ್ಯವಾಗಿ ಹಿಡಿಸುತ್ತದೆ. ಹಿಂದಿನ ಸೀಟು ಮಡಚಿ, ಮುಂದಿನ ಪ್ರಯಾಣಿಕರ ಸೀಟನ್ನು ಹಿಂದಕ್ಕೆ ಒರಗಿಸಿ, ಕುತ್ತಿಗೆ ಮುಂದಾಗುವಂತೆ ಪಕ್ಕೆಯ ಮೇಲೆ ಮಲಗಿಸಿ. ಕುದುರೆಯ ಮೇಲೆ ಭಾರ ಬೀಳಬಾರದು. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷವೂ ಬಿಡಬೇಡಿ.

## ಮೊದಲ ವರ್ಷಗಳು

ಫ್ರೆಂಚ್ ಕಮಾನು ಒಳ್ಳೆಯದೋ, ಜರ್ಮನ್ ಕಮಾನೋ?

ಫ್ರೆಂಚ್ ಕಮಾನನ್ನು ಪಿಟೀಲಿನಂತೆ ಮೇಲಿನಿಂದ ಹಿಡಿಯುತ್ತಾರೆ. ಜರ್ಮನ್ ಕಮಾನನ್ನು ಹಳೆಯ ವಯೋಲ್ ವಾದ್ಯಗಳ ಪದ್ಧತಿಯಂತೆ ಪಕ್ಕದಿಂದ, ಅಂಗೈ ಒಳಮುಖವಾಗಿ ಹಿಡಿಯುತ್ತಾರೆ. ಎರಡರಲ್ಲೂ ಶ್ರೇಷ್ಠ ವಾದಕರಿದ್ದಾರೆ. ಮಗುವಿನ ಗುರು ಯಾವುದನ್ನು ಹಿಡಿಯುತ್ತಾರೋ ಅದೇ ಇರಲಿ, ಯಾಕೆಂದರೆ ಕೈಯನ್ನು ನೋಡಿ ಕಲಿಯುವ ವಿದ್ಯೆ ಇದು. ಕಮಾನಿನ ಕೂದಲಿಗೆ ಹಚ್ಚುವ ರಾಳ ಮಾತ್ರ ಬೇಸ್‌ನದೇ ಆಗಬೇಕು: ಪಿಟೀಲಿನ ರಾಳ ಗಟ್ಟಿ, ದಪ್ಪ ತಂತಿಯನ್ನು ಅದು ಹಿಡಿಯುವುದಿಲ್ಲ. ಬೇಸ್‌ನ ಮೆದು ರಾಳವನ್ನು ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ಸಲ ಎಳೆದರೆ ಸಾಕು.

ಕೈ ನೋಯುತ್ತದೆ ಅಂತ ಅಳುತ್ತಾಳೆ. ಮೊದಮೊದಲು ಹೀಗೇ ಅಂತ ಬಿಡಬೇಕೇ?

ಯಾವ ನೋವು ಎಂದು ಮೊದಲು ಕೇಳಿ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಹೆಬ್ಬೆರಳ ಬುಡ, ಮಣಿಕಟ್ಟು, ಕುತ್ತಿಗೆ, ಸೊಂಟ ನೋಯುವುದು ಸಹಜವಲ್ಲ. ಆ ನೋವಿನ ಮೇಲೆ ಅಭ್ಯಾಸ ಮಾಡಿಸಬೇಡಿ.

ಒಮ್ಮೆ ಐದನೆಯ ತರಗತಿಯ ಹುಡುಗಿಯೊಬ್ಬಳು ಪಾಠಕ್ಕೆ ಬಂದಾಗ ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಸೋಮಾರಿ ಎಂದುಕೊಂಡಿದ್ದರು. ನಾನು ಅಳತೆಪಟ್ಟಿ ತೆಗೆದು ಬೆರಳುಹಲಗೆಯ ತುದಿಯಲ್ಲಿ ಇಟ್ಟು ನೋಡಿದೆ: ದಪ್ಪ ತಂತಿ 15 ಮಿಲಿಮೀಟರ್ ಮೇಲಿತ್ತು. ನಾನು ಒತ್ತಿದಾಗ ನನ್ನ ಬೆರಳೂ ಬಿಳುಪೇರಿತು. ಕುದುರೆಯನ್ನು ತಗ್ಗಿಸಿ ಆ ತಂತಿಯನ್ನು 9 ಮಿಲಿಮೀಟರಿಗೂ ತೆಳು ತಂತಿಯನ್ನು 6ಕ್ಕೂ ತಂದ ಮರುವಾರ ಅವಳು ಇಡೀ ಪಾಠ ಅಳದೆ ನುಡಿಸಿದಳು. ಆ ಮಗುವಿನಲ್ಲಿ ಏನೂ ಕೊರತೆಯಿರಲಿಲ್ಲ. ಮಗು ನೋವು ಎಂದಾಗಲೆಲ್ಲ ವಾದ್ಯವನ್ನು ಮೊದಲು ಪರೀಕ್ಷಿಸಿ, ಮಗುವನ್ನು ಆಮೇಲೆ. ತಂತಿಯ ಎತ್ತರ, ವಾದ್ಯವನ್ನು ನೆಲಕ್ಕೆ ಊರುವ ಕೆಳಗಿನ ಕಂಬಿಯ ಉದ್ದ, ಕೂತು ನುಡಿಸುವುದಾದರೆ ಸ್ಟೂಲಿನ ಎತ್ತರ, ಈ ಮೂರನ್ನು ನೋಡಿದರೆ ಬಹುಪಾಲು ಕಾರಣ ಸಿಕ್ಕಿಬಿಡುತ್ತದೆ.

ಕರ್ನಾಟಕ ಸಂಗೀತವನ್ನೂ ಕಲಿಯುತ್ತಿದ್ದಾಳೆ. ಎರಡೂ ಸೇರಿ ಗೊಂದಲವಾಗುವುದಿಲ್ಲವೇ?

ಆಗುವುದಿಲ್ಲ, ಶ್ರುತಿಗೆ ಕಿವಿ ಕೊಟ್ಟು ಬೆಳೆದ ಮಗು ಬೇಸ್‌ಗೆ ಅರ್ಧ ಸಿದ್ಧವಾಗಿಯೇ ಬಂದಿರುತ್ತದೆ. ಬೆರಳುಹಲಗೆಯ ಮೇಲೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಕಿವಿಯೇ ಹುಡುಕಬೇಕು. ಪಾಶ್ಚಾತ್ಯ ತಂತಿವಾದ್ಯದವರೂ ಒಂದು ಆಧಾರ ಸ್ವರವನ್ನು ಹಿಡಿದಿಟ್ಟು ಅಭ್ಯಾಸ ಮಾಡುವುದುಂಟು, ನಮ್ಮ ಮನೆಗಳಲ್ಲಿ ತಂಬೂರಿ ಆ್ಯಪ್ ಆಗಲೇ ಇರುತ್ತದೆ.

ಹೀಗೆ ಮಾಡಿಸಿ ನೋಡಿ. ಬೇಸ್‌ನ ನಾಲ್ಕು ತಂತಿಗಳು ಕೆಳಗಿನಿಂದ ಇ, ಎ, ಡಿ, ಜಿ. ತಂಬೂರಿಯನ್ನು ಜಿ ಶ್ರುತಿಗೆ, ಅಂದರೆ ಐದು ಮನೆಗೆ ಇಡಿ. ಇ ತಂತಿಯಲ್ಲಿ ಎರಡನೆಯ ಬೆರಳು (ತೋರುಬೆರಳಿನಿಂದ ಎಣಿಸಿ) ಷಡ್ಜ, ಬಿಡಿ, ಅಂದರೆ ಬೆರಳು ಒತ್ತದ, ಎ ತಂತಿ ರಿಷಭ, ಅದೇ ತಂತಿಯಲ್ಲಿ ಒಂದನೆಯ ಬೆರಳು ಗಾಂಧಾರ, ಎರಡನೆಯದು ಮಧ್ಯಮ. ಬಿಡಿ ಡಿ ತಂತಿ ಪಂಚಮ, ಒಂದನೆಯ ಬೆರಳು ಧೈವತ, ನಾಲ್ಕನೆಯದು ನಿಷಾದ, ಬಿಡಿ ಜಿ ತಂತಿ ತಾರ ಷಡ್ಜ. ಕೈ ಒಂದಿಷ್ಟೂ ಜರುಗದೆ ಶಂಕರಾಭರಣದ ಆರೋಹಣ ಬಂತು. ಶಾಲೆಯಲ್ಲಿ ಇದನ್ನೇ ಜಿ ಮೇಜರ್ ಎನ್ನುತ್ತಾರೆ. ಸರಳೆ ವರಸೆಯನ್ನು ಇದರಲ್ಲಿ ನಿಧಾನವಾಗಿ ಎಳೆಯಲಿ. ಪಿಟೀಲು ಕಲಿತವರಿಗೆ ಒಂದೇ ಒಂದು ಹೊಸತನ: ಪಾಶ್ಚಾತ್ಯ ಪಿಟೀಲಿನ ತಂತಿಗಳ ನಡುವೆ ಷಡ್ಜ–ಪಂಚಮದ ಅಂತರ, ಬೇಸ್‌ನಲ್ಲಿ ಷಡ್ಜ–ಮಧ್ಯಮದ ಅಂತರ. ಗಮಕ ಮಾತ್ರ ಶಾಲೆಯ ಪಾಠಕ್ಕೆ ಬರುವುದು ಬೇಡ, ಅಲ್ಲಿ ಸ್ವರ ನೇರವಾಗಿ ನಿಲ್ಲಬೇಕು.

ಟ್ಯೂನರ್ ಆ್ಯಪ್ ಕೆಳತಂತಿಯನ್ನು ಹಿಡಿಯುವುದೇ ಇಲ್ಲ. ಶ್ರುತಿ ಮಾಡುವುದು ಹೇಗೆ?

ಬಿಡಿ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ಕೆಳಗಿನ ಸ್ವರ ಫೋನಿನ ಮೈಕಿಗೆ ಕಷ್ಟ. ಕುದುರೆಗೆ ಸಿಕ್ಕಿಸುವ ಟ್ಯೂನರ್ ಬಳಸಬಹುದು, ಆದರೆ ಎರಡನೆಯ ವರ್ಷದ ಹೊತ್ತಿಗೆ ಕಿವಿಯಿಂದ ಮಾಡಲು ಕಲಿಯಬೇಕು. ಎ ತಂತಿಯನ್ನು ಅದರ ಉದ್ದದ ಕಾಲು ಭಾಗದಲ್ಲಿ, ಡಿ ತಂತಿಯನ್ನು ಮೂರನೆಯ ಒಂದು ಭಾಗದಲ್ಲಿ, ಒತ್ತದೆ ಬರಿದೆ ಮುಟ್ಟಿ ಕಮಾನು ಎಳೆದರೆ ಎರಡರಿಂದಲೂ ಒಂದೇ ಸ್ವರ, ಸೆಕೆಂಡಿಗೆ 220 ಕಂಪನದ್ದು, ಹೊಮ್ಮಬೇಕು. ಶ್ರುತಿ ಸೇರದಿದ್ದರೆ ನಾದ ಅಲೆಅಲೆಯಾಗಿ ನಡುಗುತ್ತದೆ. ಬಿರಡೆ ತಿರುವಿದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ. ಪಕ್ಕಪಕ್ಕದ ಪ್ರತಿ ಜೋಡಿಗೂ ಇದೇ ಕ್ರಮ.

ನಮಗೆ ಸಂಗೀತ ಬಾರದು. ಮನೆಯಲ್ಲಿ ಅಭ್ಯಾಸ ಮಾಡಿಸುವುದು ಹೇಗೆ, ದಿನಕ್ಕೆ ಎಷ್ಟು ಹೊತ್ತು?

ಮೊದಲ ವರ್ಷ ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ, ಅದೂ ಎರಡು ಕಂತಿನಲ್ಲಿ. ಭಾನುವಾರ ಒಟ್ಟಿಗೆ ಎರಡು ಗಂಟೆ ಎಂಬುದು ಈ ವಾದ್ಯದಲ್ಲಿ ಬೆನ್ನಿಗೆ ಕೇಡು. ಬೇಸ್ ಅನ್ನು ಚೀಲದಿಂದ ತೆಗೆದು, ಓಡಾಟವಿಲ್ಲದ ಮೂಲೆಯಲ್ಲಿ, ಹೊಟ್ಟೆ ಗೋಡೆಯ ಕಡೆಗಿರುವಂತೆ ಒರಗಿಸಿಡಿ. ಕಣ್ಣಿಗೆ ಬೀಳುವ ವಾದ್ಯವನ್ನು ಮಗು ತಾನಾಗಿಯೇ ಮುಟ್ಟುತ್ತದೆ. ನೀವು ಮಾಡಬೇಕಾದದ್ದು ಐದು ನಿಮಿಷ ಪಕ್ಕದಲ್ಲಿ ಕೂತು ಕೇಳುವುದು. ‘ಇವತ್ತು ಯಾವ ಸಾಲು ಕಷ್ಟವಾಯಿತು?’ ಎಂದು ಕೇಳಿ, ಆ ಸಾಲನ್ನು ಎರಡು ಸಲ ನುಡಿಸಲು ಹೇಳಿ. ಬೇಸ್‌ನ ಪಾಲಿನಲ್ಲಿ ಬಹಳ ಸಲ ರಾಗವಿರುವುದಿಲ್ಲ, ಒಂಟಿಯಾಗಿ ಕೇಳಿದರೆ ನೀರಸವೆನಿಸುತ್ತದೆ. ಆದ್ದರಿಂದ ಇಡೀ ವೃಂದದ ಧ್ವನಿಮುದ್ರಣ ಹಾಕಿ ಅದರ ಜೊತೆ ನುಡಿಸಲು ಬಿಡಿ, ತನ್ನ ಸ್ವರದ ಮೇಲೆ ಏನು ನಿಂತಿದೆ ಎಂಬುದು ಮಗುವಿಗೆ ಆಗ ತಿಳಿಯುತ್ತದೆ.

ಪಕ್ಕದಲ್ಲಿ ಸೀಳು ಬಿಟ್ಟು ಗರಗರ ಸದ್ದು ಬರುತ್ತಿದೆ. ಮನೆಯಲ್ಲೇ ಅಂಟಿಸಬಹುದೇ?

ದಯವಿಟ್ಟು ಬೇಡ. ವಾದ್ಯದ ಮೈಯನ್ನು ಜೋಡಿಸುವುದು ಪ್ರಾಣಿಜನ್ಯ ಸರೇಸಿನಿಂದ, ಅದು ಬೇಕೆಂದೇ ಮರಕ್ಕಿಂತ ದುರ್ಬಲ. ಚಳಿಗಾಲದಲ್ಲಿ ಮರ ಕುಗ್ಗಿದಾಗ ಮರ ಸೀಳದೆ ಅಂಟು ಬಿಟ್ಟುಕೊಳ್ಳಲಿ ಎಂಬುದೇ ಅದರ ಉದ್ದೇಶ. ತಯಾರಕರು ಅದನ್ನು ಮರಳಿ ಅಂಟಿಸುವುದು ಸಣ್ಣ ಕೆಲಸ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಳ್ಳೆಯ ಮನಸ್ಸಿನಿಂದ ಬಡಗಿಯ ಅಂಟು ಹಚ್ಚಿ ಬಿಗಿದರು. ಮುಂದಿನ ಚಳಿಗಾಲಕ್ಕೆ ಜೋಡಣೆ ಅಲುಗಲಿಲ್ಲ, ಅದರ ಪಕ್ಕದ ಮುಂಭಾಗದ ಹಲಗೆಯೇ ಒಂದು ಗೇಣು ಸೀಳಿತು. ಕೋಣೆಯ ತೇವಾಂಶವನ್ನು ಶೇಕಡಾ 40ಕ್ಕಿಂತ ಕೆಳಗೆ ಬಿಡದಿದ್ದರೆ ಇಂಥವು ಕಡಿಮೆ.

ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಊರಿಗೆ ಹೋಗುತ್ತೇವೆ. ಮರೆತುಹೋಗುವುದಿಲ್ಲವೇ?

ಬೆರಳ ಗಟ್ಟಿತನ ಹೋಗುತ್ತದೆ, ಕಲಿತದ್ದು ಹೋಗುವುದಿಲ್ಲ. ಊರಿನಲ್ಲಿ ತನ್ನ ಪಾಲಿನ ಸಾಲುಗಳನ್ನು ಬಾಯಲ್ಲಿ ಹಾಡಿಕೊಳ್ಳಲಿ, ಸ್ವರಲಿಪಿ ಓದಲಿ. ದೇವಸ್ಥಾನದಲ್ಲೋ ಮದುವೆಯಲ್ಲೋ ತಂಬೂರಿ, ನಾದಸ್ವರದ ಶ್ರುತಿ ಕೇಳಿದಾಗ ‘ಷಡ್ಜ ಯಾವುದು ಹಾಡು’ ಎಂದು ಕೇಳಿ. ಹೊರಡುವ ಮುನ್ನ ಕಮಾನಿನ ಕೂದಲನ್ನು ಸಡಿಲಿಸಿ. ಬೇಸ್‌ನ ತಂತಿಗಳನ್ನು ಪೂರ್ತಿ ಬಿಚ್ಚಬೇಡಿ, ಬಿಚ್ಚಿದರೆ ಒಳಗಿನ ಸೌಂಡ್‌ಪೋಸ್ಟ್ ಬೀಳುತ್ತದೆ. ಮರಳಿದ ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ.

## ಮುಂದುವರಿದವರಿಗೆ

ಮೂರನೆಯ ಬೆರಳನ್ನು ಯಾಕೆ ಬಳಸಬಾರದು? ಯೂಟ್ಯೂಬಿನಲ್ಲಿ ಬೇರೆಯವರು ಬಳಸುತ್ತಾರಲ್ಲ?

ಕಾರಣ ಅಂತರದಲ್ಲಿದೆ. 105 ಸೆಂಟಿಮೀಟರ್ ತಂತಿಯಲ್ಲಿ ಮೊದಲ ಅರ್ಧಸ್ವರ ಮೇಲಿನ ಮೆಟ್ಟಿನಿಂದ ಸುಮಾರು 6 ಸೆಂಟಿಮೀಟರ್ ದೂರ. ಪಿಟೀಲಿನಲ್ಲಿ ಅದೇ ಅಂತರ 2 ಸೆಂಟಿಮೀಟರ್ ಕೂಡ ಇಲ್ಲ. ಬೇಸ್‌ನಲ್ಲಿ ಒಂದನೆಯ ಬೆರಳಿನಿಂದ ನಾಲ್ಕನೆಯದಕ್ಕೆ ಒಂದು ಪೂರ್ಣಸ್ವರ ಎಂದರೆ ಸುಮಾರು 11 ಸೆಂಟಿಮೀಟರ್ ಚಾಚಬೇಕು. ಆದ್ದರಿಂದ ವಿಯೆನ್ನಾದ ಫ್ರಾನ್ಜ್ ಸಿಮಾಂಡ್ಲ್ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಳಿಸಿದ ಪದ್ಧತಿಯಲ್ಲಿ ಕೆಳಸ್ಥಾನಗಳಲ್ಲಿ ಒಂದು, ಎರಡು, ನಾಲ್ಕು ಬೆರಳುಗಳೇ ಸ್ವರ ಹಿಡಿಯುತ್ತವೆ, ಮೂರನೆಯದು ನಾಲ್ಕನೆಯದಕ್ಕೆ ಊರುಗೋಲು. ಸಿರಿಯಾದ ಅಲೆಪ್ಪೊದಲ್ಲಿ 1931ರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಫ್ರಾಂಸ್ವಾ ರಬಾತ್ ಇಡೀ ತಂತಿಯನ್ನು ಆರೇ ಸ್ಥಾನಗಳಾಗಿ ಹಂಚಿ, ಹೆಬ್ಬೆರಳನ್ನು ನೆಲೆಯಾಗಿಟ್ಟು ಕೈಯನ್ನು ತಿರುಗಿಸಿ ತಲುಪುವ ದಾರಿ ತೋರಿಸಿದರು. ಮೊದಲನೆಯದು ಸ್ವರಸ್ಥಾನವನ್ನು ಭದ್ರಪಡಿಸುತ್ತದೆ, ಎರಡನೆಯದು ಕೈಗೆ ಹರಿವು ಕೊಡುತ್ತದೆ. ಕೈ ಪೂರ್ತಿ ಬೆಳೆಯುವವರೆಗೆ ಮೊದಲನೆಯದರಲ್ಲಿ ನಿಂತು, ಆಮೇಲೆ ಎರಡನೆಯದಕ್ಕೆ ಹೋಗುವುದನ್ನು ನಾನು ಒಪ್ಪುತ್ತೇನೆ. ನನ್ನ ಸಹೋದ್ಯೋಗಿಗಳಲ್ಲಿ ಇದನ್ನು ಒಪ್ಪದವರೂ ಇದ್ದಾರೆ.

ಜಾಝ್ ತಂಡಕ್ಕೂ ಕರೆಯುತ್ತಿದ್ದಾರೆ. ಶಾಸ್ತ್ರೀಯ ಅಭ್ಯಾಸ ಕೆಡುವುದಿಲ್ಲವೇ?

ಕೆಡುವುದಿಲ್ಲ, ಹೋಗಲಿ. ಜಾಝ್‌ನಲ್ಲಿ ಮೀಟುವುದು ಹೆಚ್ಚು. ಪ್ರತಿ ಮಾತ್ರೆಗೂ ಒಂದೊಂದು ಸ್ವರ ಇಡುತ್ತ ನಡೆಯುವ ಆ ಶಿಸ್ತು ಲಯವನ್ನು ಗಟ್ಟಿ ಮಾಡುತ್ತದೆ. ಜಾಝ್‌ನ ಮಹಾ ವಾದಕ ರಾನ್ ಕಾರ್ಟರ್ ಕಲಿತದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ.

ರಾಜ್ಯಮಟ್ಟದ ವೃಂದಕ್ಕೆ ಆಡಿಷನ್ ಇದೆ. ಯಾವುದಕ್ಕೆ ಹೆಚ್ಚು ಒತ್ತು ಕೊಡಬೇಕು?

ಮಕ್ಕಳು ಏಕವಾದನದ ಕೃತಿಗೆ ತಿಂಗಳುಗಟ್ಟಲೆ ಕೊಟ್ಟು, ಸ್ವರಶ್ರೇಣಿಗಳನ್ನು ಕೊನೆಯ ವಾರಕ್ಕೆ ಇಡುತ್ತಾರೆ. ತೀರ್ಪುಗಾರರು ಮೊದಲ ನಾಲ್ಕು ಸ್ವರಗಳಲ್ಲೇ ಶ್ರುತಿಯನ್ನು ಅಳೆಯುತ್ತಾರೆ, ಆದ್ದರಿಂದ ಶ್ರೇಣಿಗಳು ದಿನವೂ ಇರಲಿ. ಕೃತಿಯನ್ನು ಫೋನಿನಲ್ಲಿ ಮುದ್ರಿಸಿ, ಮರುದಿನ ಬೆಳಿಗ್ಗೆ ಕೇಳಲಿ. ನುಡಿಸುವಾಗ ಕೇಳಿಸದ ತಪ್ಪು ಆಗ ಕೇಳಿಸುತ್ತದೆ. ವೃಂದದ ತುಣುಕುಗಳಲ್ಲಿ ಬೀಥೋವನ್ನನ ಐದನೆಯ ಸಿಂಫನಿಯ ಮೂರನೆಯ ಭಾಗ, ಒಂಬತ್ತನೆಯದರ ಕೊನೆಯ ಭಾಗದ ಆರಂಭ, ಮಾಹ್ಲರನ ಮೊದಲ ಸಿಂಫನಿಯ ಒಂಟಿ ಬೇಸ್‌ನ ಸಾಲು ಎಂದಾದರೂ ಎದುರಾಗಿಯೇ ತೀರುತ್ತವೆ, ಹೈಸ್ಕೂಲಿನಲ್ಲೇ ಪರಿಚಯವಾಗಲಿ. ಏಕವಾದನದ ಕೆಲವು ಕೃತಿಗಳನ್ನು ಒಂದು ಪೂರ್ಣಸ್ವರ ಏರಿಸಿದ ಶ್ರುತಿಯಲ್ಲಿ ನುಡಿಸುತ್ತಾರೆ, ಅದಕ್ಕೆ ಬೇರೆಯೇ ತಂತಿಗಳಿವೆ. ಪಿಯಾನೊ ಸಹವಾದಕರಿಗೆ ಯಾವ ಶ್ರುತಿ ಎಂದು ಮುಂಚೆಯೇ ತಿಳಿಸಿ.

ಬೆಂಗಳೂರಿಗೆ ವಾಪಸಾಗುತ್ತಿದ್ದೇವೆ. ಅಲ್ಲಿ ಮುಂದುವರಿಸಬಹುದೇ?

ಮುಂದುವರಿಸಬಹುದು, ಹುಡುಕಾಟ ಹೆಚ್ಚು. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಶಾಲೆಗಳಿವೆ, ಆದರೆ ಬೇಸ್ ಕಲಿಸುವವರು ಪಿಟೀಲು, ಪಿಯಾನೊ ಗುರುಗಳಷ್ಟು ಸುಲಭವಾಗಿ ಸಿಗುವುದಿಲ್ಲ. ಚೆಲ್ಲೊ ಗುರುವಿನ ಬಳಿ ಕಮಾನು, ಸ್ವರಜ್ಞಾನ ಕಲಿಯುತ್ತ ಈಗಿನ ಗುರುವಿನ ಬಳಿ ಆನ್‌ಲೈನ್ ಪಾಠ ಮುಂದುವರಿಸುವುದು ಒಂದು ದಾರಿ. ಆನ್‌ಲೈನ್ ಪಾಠದಲ್ಲಿ ಆ್ಯಪ್‌ನ ಸದ್ದು ತಗ್ಗಿಸುವ ವ್ಯವಸ್ಥೆಯನ್ನು ತೆಗೆದುಹಾಕಿ, ಇಲ್ಲದಿದ್ದರೆ ಅದು ಬೇಸ್‌ನ ನಾದವನ್ನೇ ಗದ್ದಲವೆಂದು ಅಳಿಸುತ್ತದೆ. ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳು ಭಾರತದಲ್ಲೂ ನಡೆಯುತ್ತವೆ, ಎರಡರಲ್ಲೂ ಡಬಲ್ ಬೇಸ್ ಇದೆ. ಮುಂಬೈಯ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಪಿಎಯಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗೆ ಒಮ್ಮೆ ಕರೆದುಕೊಂಡು ಹೋಗಿ. ವಾದ್ಯವನ್ನು ಸಾಗಿಸುವುದಾದರೆ ಮಳೆಗಾಲ ಕಳೆದ ಮೇಲೆ ಸಾಗಿಸಿ. ಒಣಹವೆಯಿಂದ ಬಂದ ಮರಕ್ಕೆ ಜುಲೈ ತಿಂಗಳ ತೇವ ಒಮ್ಮೆಲೇ ತಗಲುವುದು ಒಳ್ಳೆಯದಲ್ಲ.

ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಏನು ಹೇಳುವುದು?

ನಿಜವನ್ನು ಹೇಳಿ. ದೊಡ್ಡ ವೃಂದವೊಂದರಲ್ಲಿ ಸುಮಾರು ಎಂಟು ಬೇಸ್ ವಾದಕರಿರುತ್ತಾರೆ, ಅವರು ದಶಕಗಳ ಕಾಲ ಅಲ್ಲೇ ಇರುತ್ತಾರೆ. ಒಂದು ಸ್ಥಾನ ತೆರವಾದರೆ ದೇಶದ ಎಲ್ಲ ಕಡೆಯಿಂದ ಬಂದವರು ತೆರೆಯ ಹಿಂದೆ ಕೂತು ಸರದಿಯಲ್ಲಿ ನುಡಿಸುತ್ತಾರೆ. ಇನ್ನೊಂದು ಕಡೆ, ಸಂಗೀತ ಕಾಲೇಜುಗಳಿಗೆ ಒಳ್ಳೆಯ ಬೇಸ್ ವಿದ್ಯಾರ್ಥಿಗಳು ಬೇಕೇ ಬೇಕು, ವಿದ್ಯಾರ್ಥಿವೇತನವೂ ಸಿಗುತ್ತದೆ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ಪಡೆಯುತ್ತಿಲ್ಲ, ಅಲ್ಲಿಗೆ ಆಯ್ಕೆಯಾಗುವುದು ಮಾತ್ರ ಬಲು ಕಠಿಣ. ಹದಿನಾರನೆಯ ವಯಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ತಾನಾಗಿಯೇ ವಾದ್ಯದ ಬಳಿ ಹೋಗುವ ಹುಡುಗನಾದರೆ ವೃತ್ತಿಪರ ವಾದಕರೊಬ್ಬರ ಮುಂದೆ ಒಮ್ಮೆ ನುಡಿಸಿ ಅಭಿಪ್ರಾಯ ಪಡೆಯಲಿ, ಆ ಕೋಣೆಯಲ್ಲಿ ನೀವು ಇರಬೇಡಿ. ಎಂಜಿನಿಯರಿಂಗ್ ಓದಲು ಹೋದರೂ ಬೇಸ್ ಜೊತೆಗೆ ಹೋಗಲಿ: ಯಾವ ವಿಶ್ವವಿದ್ಯಾಲಯದ ವೃಂದಕ್ಕೂ ಇನ್ನೊಬ್ಬ ಬೇಸ್ ವಾದಕ ಬೇಕಾಗಿಯೇ ಇರುತ್ತದೆ, ಮೊದಲ ವಾರದಲ್ಲೇ ವಿಚಾರಿಸಲು ಹೇಳಿ.